ಕಡಲಿಗೆ ಉಪ್ಪು ಎಲ್ಲಿಂದ ಬಂತು?

ಬಾರ್ಕೂರು ಹೊಳೆಯ ಈಚೆ ದಡದ ನಮ್ಮ ಶಾಲೆಗೆ ಬಂದ ಹೊಸ ಮಾಸ್ತರರು ಬಾಯಿಪಾಠ ಮಾಡಿಸುತ್ತಿರಲಿಲ್ಲ, ತಾಳಮದ್ದಳೆ ಮಾಡಿಸುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು ವಾದ ಮಾಡುವುದಷ್ಟೆ. ಮಳೆಯ ಪಾಠದ ದಿನ ಅರ್ಧ ಕ್ಲಾಸು ಘಟ್ಟ, ಅರ್ಧ ಕ್ಲಾಸು ಕಡಲು. ಮಳೆ ಯಾರದು ಎಂಬುದೇ ಪ್ರಸಂಗ. ಕಡಲಿನ ಅರ್ಥ ಹೇಳುವವಳು, ಎಂದರೆ ಕಡಲಾಗಿ ಮಾತಾಡುವವಳು, ನಾನು. ಬಾಯಿಬಡುಕಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು.

ಅದೇ ದಿನ ಬೆಳಿಗ್ಗೆ ಅಪ್ಪಯ್ಯ, "ನಾಲ್ಕ್ ಕ್ಲಾಸ್ ಕಲ್ತದ್ದ್ ಸಾಕ್. ಇನ್ ಶಾಲೆ ಬ್ಯಾಡ" ಎಂದಿದ್ದರು. ನಾನು ಅತ್ತು, ಗಂಜಿ ಬಿಟ್ಟು, ಶಾಲೆಗೆ ಓಡಿಬಂದಿದ್ದೆ. ವಾದ ರಂಗೇರಿದ ಹೊತ್ತಿಗೆ ಬಾಗಿಲಲ್ಲಿ ಅವರೇ ನಿಂತಿದ್ದರು.

"ಹ್ವಾಯ್ ಮಾಷ್ಟ್ರೇ, ಹೆಣ್ಣನ್ನ ಕರ್ಕಂಡ್ ಹೋಪುಕೆ ಬಂದೆ."

"ಕೂಕಣಿ, ಇದೊಂದ್ ಮುಗೀಲಿ" ಎಂದರು ಮಾಸ್ತರರು, ಮಣೆ ತೋರಿಸಿ.

ಅಪ್ಪಯ್ಯನಿಗೆ ತಾಳಮದ್ದಳೆಯೆಂದರೆ ಪ್ರಾಣ. ಯುದ್ಧದ ಕಾಲ ಅದು. ದೀಪಕ್ಕೆ ಸೀಮೆಎಣ್ಣೆ ಸಿಗದೆ ಊರಿನ ರಾತ್ರಿಯ ಕೂಟಗಳೆಲ್ಲ ನಿಂತು, ಅವರು ಬಾಯಿಗೆ ಬೀಗ ಹಾಕಿಸಿಕೊಂಡವರಂತೆ ತಿರುಗುತ್ತಿದ್ದರು. ಅಷ್ಟರಲ್ಲಿ ಘಟ್ಟದ ಅರ್ಥ ಹೇಳುತ್ತಿದ್ದ ಹುಡುಗ ನನ್ನ ಮಾತಿಗೆ ತಬ್ಬಿಬ್ಬಾಗಿ ತಲೆ ಕೆರೆದ. ಅಪ್ಪಯ್ಯನಿಗೆ ತಡೆಯಲಾಗಲಿಲ್ಲ. ಬಂದ ಕೆಲಸ ಮರೆತು, ಹುಡುಗನನ್ನು ಆಚೆ ಸರಿಸಿ, ಹೆಗಲ ಬೈರಾಸು ಕೊಡವಿ ಕೂತೇಬಿಟ್ಟರು.

"ಎಲೈ ಸಮುದ್ರರಾಜನೇ! ನಾನು ಅಡ್ಡ ನಿಲ್ಲದಿದ್ದರೆ ನಿನ್ನ ಮೋಡಗಳ ಗತಿಯೇನು?"

ಮನೆಯಲ್ಲಿ 'ಹೆಣ್ಣೇ' ಎಂದಷ್ಟೇ ಕರೆಯುತ್ತಿದ್ದವರು! ನನ್ನ ಹೆದರಿಕೆಯೆಲ್ಲ ಹಾರಿಹೋಯಿತು.

"ಎಲೈ ಪರ್ವತನೇ, ತಡೆದ ಮಳೆಯನ್ನು ಇಟ್ಟುಕೊಳ್ಳಲು ನಿನ್ನಿಂದಾಯಿತೇ? ಹೊಳೆಯಾಗಿ ಮತ್ತೆ ನನ್ನಲ್ಲಿಗೇ ಕಳಿಸಿದೆಯಲ್ಲ!"

"ಕಳಿಸಿದ್ದು ಸಿಹಿನೀರು. ನಿನ್ನಲ್ಲಿ ಅದು ಉಪ್ಪಾದದ್ದು ಹೇಗೆ? ಹೇಳು!"

ನಾನು ಮಾಸ್ತರರ ಮುಖ ನೋಡಿದೆ.

"ಅದ್ ಐದನೇ ಕ್ಲಾಸಿನ ಪಾಠ" ಎಂದರು ಅವರು ಮೆಲ್ಲಗೆ.

"ಹಂಗಾರೆ ನೀವೇ ಹೇಳಿ ಕಾಂಬ" ಎಂದರು ಅಪ್ಪಯ್ಯ.

"ನಾನ್ ಹೇಳುಕಾಗ. ಕೇಂಡದ್ದ್ ಕಡ್ಲಿನ ಹತ್ರ, ಕಡ್ಲೇ ಹೇಳ್ಕ್" ಎಂದು ಮಾಸ್ತರರು ನನ್ನತ್ತ ಕೈ ತೋರಿಸಿದರು.

ಪ್ರಶ್ನೆ ಎತ್ತಿದವನು ಉತ್ತರ ಕೇಳದೆ ಎದ್ದುಹೋದರೆ ಅರ್ಥಧಾರಿಗಳ ನಡುವೆ ಮಾನ ಉಳಿಯುವುದಿಲ್ಲ. ಮಾಸ್ತರರಿಗೆ ಅದು ಚೆನ್ನಾಗಿ ಗೊತ್ತಿತ್ತು. ಕೊನೆಗೆ ಅಪ್ಪಯ್ಯ ಬೈರಾಸು ಹೆಗಲಿಗೇರಿಸಿ ಒಬ್ಬರೇ ಅಂಗಳಕ್ಕಿಳಿದರು. ಅಲ್ಲಿಂದಲೇ ತಿರುಗಿ ಕೂಗಿದರು:

"ಹೇ ಹೆಣ್ಣೇ, ಬಪ್ಪ ವರ್ಷ ನಂಗೆ ಉತ್ರ ಕೊಡ್ಕ್!"

ಮುಂದಿನ ವರ್ಷವೂ ಶಾಲೆ! ಖುಷಿಗೆ ಎದ್ದು ಕುಣಿಯಬೇಕೆನ್ನಿಸಿತು. ಆದರೆ ತಾಳಮದ್ದಳೆಯಲ್ಲಿ ಸಮುದ್ರರಾಜ ಕುಣಿಯುವಂತಿಲ್ಲವಲ್ಲ, ಕೂತೇ ಇದ್ದೆ.