ಮುಸುರೆಯಿಲ್ಲದ ಧೋತರ

ದೇಶೋದ್ಧಾರಕ್ಕೆ ಮಧುಸೂದನರಾಯರು ಆರಿಸಿಕೊಂಡ ಜಾಗ ತಮ್ಮ ಸೊಂಟ. ಬಳ್ಳಾರಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು, ಇಂಗ್ಲಿಷರ ಕಾಲದ ದೊಡ್ಡ ಬರ ಕಳೆದು ಹತ್ತು ಹನ್ನೆರಡು ವರ್ಷಗಳಾದ ಮೇಲೆ ಒಂದು ದಿನ ಸ್ನೇಹಿತರನ್ನು ಜಗಲಿಯಲ್ಲಿ ಕೂಡಿಸಿ, ಇನ್ನು ಮೇಲೆ ವಿಲಾಯ್ತಿ ಗಿರಣಿಯ ಬಟ್ಟೆ ಉಡುವುದಿಲ್ಲ, ನಮ್ಮ ನೇಕಾರರನ್ನು ಉಳಿಸುತ್ತೇನೆ ಎಂದು ಶಪಥ ಮಾಡಿದರು. ಸ್ನೇಹಿತರು ಭೇಷ್ ಎಂದರು. ರಾಯರಿಗೆ ಬೇಕಾಗಿದ್ದದ್ದೂ ಅಷ್ಟೇ.

ಆದರೆ ಉಳಿಸಲು ಒಬ್ಬ ನೇಕಾರನಾದರೂ ಬೇಕಲ್ಲ? ಕುರುಗೋಡಿನಿಂದ ಜಡೆಪ್ಪನನ್ನು ಕರೆಸಿದರು. ಅವನು ಸಿರುಗುಪ್ಪದ ವ್ಯಾಪಾರಿಗಳಿಗೆ ಸೀರೆ ನೇಯ್ದುಕೊಟ್ಟು ಹೇಗೋ ಹೊಟ್ಟೆ ಹೊರೆಯುತ್ತಿದ್ದ. ಅದನ್ನು ಬಿಟ್ಟು ತಮಗೂ ಸ್ನೇಹಿತರಿಗೂ ವರ್ಷಪೂರ್ತಿ ಧೋತರ ನೇಯಬೇಕೆಂದರು ರಾಯರು. ದೊಡ್ಡವರ ಮಾತೆಂದು ನಂಬಿ ಆ ಬಡಪಾಯಿ ಸಿರುಗುಪ್ಪದವರಿಗೆ ಇನ್ನು ಆಗುವುದಿಲ್ಲವೆಂದು ಹೇಳಿಕಳಿಸಿದ. ರಾಯರು ತಮ್ಮ ಕರಾರನ್ನು ಹೊರಗೆ ತೆಗೆದದ್ದು ಆಮೇಲೆ: ನೂಲಿಗೆ ಗಂಜಿ ಹಚ್ಚಕೂಡದು.

"ಗಂಜಿ ಅಂದ್ರ ಬೇಯಿಸಿದ್ದು, ಮುಸುರಿ. ಅದನ್ನ ಉಟ್ಟು ದೇವರ ಮುಂದ ಹ್ಯಾಂಗ ಕೂಡ್ಲಿ?"

"ಗಂಜಿ ಇಲ್ಲಂದ್ರ ಎಳಿ ತಡಿಯಂಗಿಲ್ರಿ ರಾಯರ," ಎಂದ ಜಡೆಪ್ಪ. "ಮಗ್ಗದಾಗ ಪಟಪಟ ಹರೀತಾವ."

ರಾಯರ ಹೆಂಡತಿ ವೆಂಕೂಬಾಯಿ ಬಾಗಿಲ ಮರೆಯಿಂದ, "ಅಲ್ರೀ, ಗಿರಣಿ ಧೋತ್ರಕ್ಕೂ ಗಂಜಿ ಇರ್ತದ. ನಾ ಹಿಂಡಿ ಒಣಗಿಸಿ ಮಡಿ ಮಾಡಂಗಿಲ್ಲೇನು? ಇದನ್ನೂ ಹಿಂಡಿದ್ರಾತು," ಎಂದರು.

"ಅದು ಯಂತ್ರದ್ದು. ಇದು ಇವರ ಮನಿ ಒಲಿ ಮ್ಯಾಲ ಕುದ್ದದ್ದು!"

ನೇಕಾರರನ್ನು ಉಳಿಸಲು ಹೊರಟ ಪುಣ್ಯಾತ್ಮರ ಬಾಯಿಂದ ಬಂದ ಮಾತು ಇದು. ನೇಕಾರನ ಮಗ್ಗ ಬೇಕು, ಅವನ ಒಲೆ ಕಂಡರೆ ಹೇಸಿಗೆ. ಥೂ ಇವರ ಅಭಿಮಾನಕ್ಕೆ!

ಕೈಯಲ್ಲಿದ್ದ ಕೆಲಸ ಬಿಟ್ಟುಕೊಟ್ಟಿದ್ದ ಜಡೆಪ್ಪನಿಗೆ ಬೇರೆ ದಾರಿಯಿರಲಿಲ್ಲ. ಒಣ ನೂಲನ್ನೇ ಮಗ್ಗಕ್ಕೇರಿಸಿದ. ಹರಿದ ಎಳೆಗಳನ್ನು ಗಂಟು ಹಾಕುತ್ತಾ ಅವನ ಹೆಂಡತಿ ಯಂಕಮ್ಮ ಪಕ್ಕದಲ್ಲೇ ಕೂತಳು. ಒಂದು ಧೋತರ ಮುಗಿಯುವಷ್ಟರಲ್ಲಿ ಇಬ್ಬರೂ ಹೈರಾಣಾಗಿದ್ದರು. ರಾಯರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಏನೋ ಇದು, ಬರೇ ಗಂಟು! ಇದನ್ನ ಉಟ್ಟು ಹೋದ್ರ ಕಚೇರಿಯವರು ನಗಂಗಿಲ್ಲೇನು?"

ಧೋತರ ಜಡೆಪ್ಪನ ಕೈಗೇ ವಾಪಸು ಬಂತು. ಸ್ನೇಹಿತರೂ ಧೋತರದ ಮಾತಿನಿಂದ ಮೆಲ್ಲಗೆ ಜಾರಿಕೊಂಡರು. ರಾಯರು ಶಪಥವನ್ನೇನೂ ಬಿಡಲಿಲ್ಲ ಬಿಡಿ. ಕಚೇರಿಗೆ ಅದು ಅನ್ವಯಿಸುವುದಿಲ್ಲವೆಂದು ತಾವೇ ತೀರ್ಮಾನಿಸಿ, ಅದೇ ಗಿರಣಿಯ ಧೋತರ ಉಟ್ಟು ಠೀವಿಯಿಂದ ನಡೆದರು. ಸಿರುಗುಪ್ಪದ ವ್ಯಾಪಾರಿಗಳು ಆ ಹೊತ್ತಿಗೆ ಬೇರೆ ನೇಕಾರನನ್ನು ಹಿಡಿದಿದ್ದರು. ಕಾಲಿಳಿಬಿಟ್ಟು ಕೂತು ನೇಯುತ್ತಿದ್ದ ಮಗ್ಗದ ಕುಣಿಗೆ ಮಣ್ಣು ಮುಚ್ಚಿ ಗಂಡ ಹೆಂಡತಿ ಬಳ್ಳಾರಿಗೆ ಬಂದು, ಹತ್ತಿ ಒತ್ತುವ ಕಾರ್ಖಾನೆಯಲ್ಲಿ ಕೂಲಿಗೆ ಸೇರಿದರು.

ಒಂದು ಸಂಜೆ ರಾಯರ ಜಗಲಿಯಲ್ಲಿ ಸ್ನೇಹಿತರು ಕೂತಿದ್ದಾಗ, ಮೈಯೆಲ್ಲ ಅರಳೆ ಮೆತ್ತಿಕೊಂಡ ಕೂಲಿಯವನೊಬ್ಬ ಬೀದಿಯಲ್ಲಿ ಹಾದುಹೋದ. ಉಟ್ಟಿದ್ದದ್ದು ಕೈಮಗ್ಗದ ಧೋತರ. ರಾಯರ ಮುಖ ಅರಳಿತು.

"ನೋಡ್ರಿ, ನೋಡ್ರಿ! ನನ್ನ ಮಾತು ಕೂಲಿಯವರ ತನಕಾ ಮುಟ್ಟೇದ."

ವೆಂಕೂಬಾಯಿಗೆ ಸಹನೆ ತಪ್ಪಿತು. ಪರ ಗಂಡಸರಿದ್ದಾರೆಂಬುದನ್ನೂ ಮರೆತು ಹೊಸ್ತಿಲು ದಾಟಿ ಬಂದರು. "ಅವ ಜಡೆಪ್ಪರೀ. ನೀವು ಬ್ಯಾಡಂತ ಒಗದ ಧೋತ್ರ ಅದು."

ರಾಯರು ಒಂದು ಕ್ಷಣವೂ ತಡವರಿಸಲಿಲ್ಲ.

"ಯಾರಾದ್ರೇನು," ಎಂದರು ಸ್ನೇಹಿತರತ್ತ ತಿರುಗಿ, "ಉಟ್ಟಾನಲ್ಲ!"

ಸ್ನೇಹಿತರು ಭೇಷ್ ಎಂದರು.