ಉಪ್ಪಿನ ಹಳದಿ

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯವರೆಲ್ಲ ಹೇಳುತ್ತಾರೆ, ಸುಳ್ಳಲ್ಲ. ಆದರೆ ಮಗಳು ಹುಟ್ಟಿದ ವಾರದೊಳಗೆ ಮೈ ಹಳದಿಯಾಗಿ, ಮಂಕಾಗಿ ಬಿದ್ದುಕೊಂಡಾಗ ಆ ಸಿಟ್ಟಿನ ಬುಡದಲ್ಲಿ ಬರೀ ಹೆದರಿಕೆಯಿತ್ತು. ಬೆಳಗಾವಿಯ ಆಸ್ಪತ್ರೆಯಲ್ಲಿ ಅವಳ ಕಣ್ಣಿಗೆ ಪಟ್ಟಿ ಕಟ್ಟಿ, ಗಾಜಿನ ಕೋಣೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸಿದರು. ಕಾಮಾಲೆ ಇಳಿಯದಿದ್ದರೆ ರಕ್ತವನ್ನೇ ಬದಲಿಸಬೇಕಾದೀತು ಎಂದರು ಡಾಕ್ಟರು. ಹಾಲು ಮಾತ್ರ ತಪ್ಪಿಸಬೇಡಿ ಎಂದೂ ಹೇಳಿದರು.

ಆ ದೀಪ ಏನು ಮಾಡುತ್ತದೆಂದು ನನಗೆ ಗೊತ್ತಿತ್ತು. ಅಣುವಾಗಲಿ ಪರಮಾಣುವಾಗಲಿ ಸಿಕ್ಕ ಬೆಳಕನ್ನೆಲ್ಲ ಹೀರುವುದಿಲ್ಲ. ಒಳಗಿನ ಎಲೆಕ್ಟ್ರಾನು ಮೇಲಿನ ಮೆಟ್ಟಿಲು ಹತ್ತಲು ಎಷ್ಟು ಶಕ್ತಿ ಬೇಕೋ ಅಷ್ಟನ್ನು ಕೊಡುವ ಬೆಳಕೇ ಅದಕ್ಕೆ ಬೇಕು. ಮಗುವಿನ ಮೈಯ ಹಳದಿಗೆ ಒಪ್ಪುವುದು ನೀಲಿ. ಅದನ್ನು ಹೀರಿ ಆ ಹಳದಿ ರೂಪ ಬದಲಿಸುತ್ತದೆ, ಆಮೇಲೆ ಮೈಯಿಂದ ಹೊರಹೋಗುತ್ತದೆ. ಕ್ಲಾಸಿನಲ್ಲಿ ಇದು ಎಷ್ಟು ಸಲೀಸು. ಗಾಜಿನ ಈಚೆ ನಿಂತಾಗ ಯಾವ ಪಾಠವೂ ಕೈಹಿಡಿಯಲಿಲ್ಲ.

ಖಾನಾಪುರದಿಂದ ಅತ್ತೆ ಬಂದರು. ಸೆರಗಿನ ಗಂಟು ಬಿಚ್ಚಿ, ಮುಷ್ಟಿಯಲ್ಲಿ ಹರಳುಪ್ಪು ಹಿಡಿದು, ಗಾಜಿನ ಮುಂದೆಯೇ ಮೊಮ್ಮಗಳಿಗೆ ದೃಷ್ಟಿ ತೆಗೆಯತೊಡಗಿದರು. ನನಗೆ ರೇಗಿತು.

"ಅತ್ತಿ, ಇದು ದವಾಖಾನಿ ಐತ್ರಿ. ಉಪ್ಪಿನಿಂದ ಕಾಮಣಿ ಹೋಗ್ತೈತೇನ್ರಿ?"

ಅವರು ತುಟಿ ಬಿಚ್ಚಲಿಲ್ಲ. ಮುಷ್ಟಿ ಬಿಗಿಹಿಡಿದು ಹೊರಟೇಬಿಟ್ಟರು. ಫೋನ್ ಮಾಡಿದರೆ ಎತ್ತಲಿಲ್ಲ. ಆಸರೆಗೆಂದು ಬಂದವರನ್ನೂ ಮುನಿಸಿಕೊಳ್ಳುವಂತೆ ಮಾಡಿದೆನಲ್ಲ ಎಂದು ಬೆಂಚಿನ ಮೇಲೆ ಕೂತು ಕಣ್ಣೀರು ಹಾಕಿದೆ. ಗಂಡ ತಂದಿಟ್ಟ ಊಟದ ಡಬ್ಬಿ ತೆರೆಯಲೇ ಇಲ್ಲ.

ಸಂಜೆ ಅತ್ತೆಯೇ ಫೋನ್ ಮಾಡಿದರು.

"ದೃಷ್ಟಿ ಉಪ್ಪು ಬೆಂಕಿಗಿ ಬೀಳೂತನಕಾ ಮಾತಾಡಬಾರದವ್ವಾ. ಮಹಾಂತೇಶ ನಗರದ ನಿಮ್ಮ ಮನ್ಯಾಗ ನೋಡಿದ್ರ ಕರೆಂಟಿನ ಒಲಿ. ಅದಕ್ಕ ಊರಿಗಿ ಬಂದ್ನಿ. ಬಸ್ಸಿನ್ಯಾಗ ಕಂಡಕ್ಟರ್ ಎಲ್ಲಿಗಿ ಅಂತ ಕನ್ನಡದಾಗ ಕೇಳಿದ, ಮರಾಠಿಯೊಳಗ ಕೇಳಿದ, ಕಡೀಕ ಮೂಕಿ ಅನ್ಕೊಂಡು ಕೈಸನ್ನಿ ಮಾಡಿದ. ಆಧಾರ್ ಕಾರ್ಡ್ ತೋರಿಸಿ ಸುಮ್ನ ಕುಂತ್ನಿ."

ಅಳುತ್ತಲೇ ನಕ್ಕುಬಿಟ್ಟೆ.

"ಒಲಿಯಾಗ ಹಾಕಿದ ಕೂಡ್ಲೆ ಉರಿ ಅರಿಷಿಣದಂಗ ಆತು ನೋಡು. ಕೂಸಿನ ಕಾಮಣಿ ಅಷ್ಟೂ ಅದರಾಗ ಹೋತು. ಉಂಡಿಲ್ಲಂತಲ್ಲಾ, ಇನ್ನರ ಉಣ್ಣು."

ಉಪ್ಪು ಯಾವ ಬೆಂಕಿಗೆ ಬಿದ್ದರೂ ಹಾಗೆಯೇ. ಅದರಲ್ಲಿರುವ ಸೋಡಿಯಮ್ಮಿನ ಎಲೆಕ್ಟ್ರಾನು ಉರಿಯ ಬಿಸಿಗೆ ಮೆಟ್ಟಿಲು ಹತ್ತುತ್ತದೆ, ಅಲ್ಲಿ ನಿಲ್ಲಲಾಗದೆ ಇಳಿಯುತ್ತದೆ, ಪಡೆದದ್ದನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ಆ ಮೆಟ್ಟಿಲಿನ ಎತ್ತರ ಎಲ್ಲೆಡೆಯೂ ಒಂದೇ, ಹಾಗಾಗಿ ಹಳದಿಯೂ ಒಂದೇ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹಿರಿಯರ ಸಮಾಧಾನ ಕೆಡಿಸುವುದೇಕೆಂದು "ಹೌದ್ರಿ ಅತ್ತಿ" ಎಂದೆ. ಅಂದು ರೊಟ್ಟಿ ಗಂಟಲಲ್ಲಿ ಇಳಿಯಿತು.

ಮಗಳು ಗುಣವಾದಳು. ದೀಪದಿಂದಲೇ, ಅದರಲ್ಲಿ ನನಗೆ ಅನುಮಾನವಿಲ್ಲ. ಈಗ ಅಜ್ಜಿಯ ಒಲೆಯ ಮುಂದೆ ಕೂತು ತುಂಟಾಟ ಮಾಡುವಷ್ಟು ದೊಡ್ಡವಳು. ಮೊನ್ನೆ ಖಾನಾಪುರದಲ್ಲಿ ಚಿಟಿಕೆ ಉಪ್ಪು ಉರಿಗೆ ಎರಚಿ, "ಅಜ್ಜಿ, ಹಳದಿ ಆತು. ನನಗ ದೃಷ್ಟಿ ಆಗೇತೇನು?" ಎಂದು ಕೇಳಿದಳು.

"ಇಲ್ಲ ನನ್ನ ಬಂಗಾರಾ. ಉಪ್ಪು ಯಾವಾಗ ಬಿದ್ದರೂ ಹಂಗ ಆಗತೈತಿ. ಸಾರು ಉಕ್ಕಿದ್ರೂ ಆಗತೈತಿ."

ನಾನು ಅತ್ತೆಯನ್ನೇ ನೋಡಿದೆ. "ಹಂಗಾರ ಅವತ್ತ ಫೋನಿನ್ಯಾಗ ಯಾಕ ಹಂಗಂದ್ರಿ?"

ಅವರು ಕಟ್ಟಿಗೆಯನ್ನು ಒಳಕ್ಕೆ ತಳ್ಳಿದರು.

"ನೀ ಉಂಡಿರಲಿಲ್ಲವ್ವಾ. ಕೂಸಿಗಿ ಹಾಲು ಎಲ್ಲಿಂದ ಬರಬೇಕಾಗಿತ್ತು?"