ಬೊಂಬಾಯಿಯ ಗಂಡ

ಜಲಜಾಳ ಗಂಡ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದಾನೆ ಎಂಬುದು ಅಂಬತ್ತೂರಿನ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಆ ಗಂಡನೊಬ್ಬನಿಗೇ. ಪಂಢರಿನಾಥ ಎಂಬ ಆ ಮಹಾನುಭಾವ ಇದ್ದದ್ದು ಇದೇ ಚೆನ್ನೈನ ತಿರುವಲ್ಲಿಕೇಣಿಯಲ್ಲಿ. ಕೋರ್ಟಿನಲ್ಲಿ ವಿಚ್ಛೇದನವಾಗಿ ವರ್ಷ ತುಂಬುವುದರೊಳಗೆ ಇನ್ನೊಬ್ಬಳನ್ನು ಮದುವೆಯಾಗಿ ಸುಖವಾಗಿ ಸಂಸಾರ ಮಾಡಿಕೊಂಡಿದ್ದ. ಅವನು ಯಾರಿಗೂ ಯಾವ ಸುಳ್ಳನ್ನೂ ಹೇಳಬೇಕಾಗಿ ಬರಲಿಲ್ಲ. ಗಂಡಸರಿಗೆ ಅಂಥ ಕಷ್ಟಗಳಿರುವುದಿಲ್ಲ.

ಕಷ್ಟ ಇದ್ದದ್ದು ಜಲಜಾಳಿಗೆ. ವಿಮಾ ಆಫೀಸಿನಲ್ಲಿ ಗುಮಾಸ್ತೆಯ ಕೆಲಸ, ಜೊತೆಗೆ ಮೂರನೇ ಕ್ಲಾಸಿನ ಮಗಳು ಸಂಹಿತಾ. ಬಾಡಿಗೆಗೆ ಮನೆ ಕೇಳಲು ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಯಜಮಾನ್ರು ಏನ್ ಮಾಡ್ತಾರೆ?" ನಿಜ ಹೇಳಿದರೆ, ಆ ಮನೆಯನ್ನು ನಿನ್ನೆಯೇ ಬೇರೆ ಯಾರಿಗೋ ಕೊಡುವುದೆಂದು ಮಾತಾಗಿರುತ್ತಿತ್ತು. ಹೀಗೆ ಮನೆಗಳು ಕೈತಪ್ಪಿ ತಪ್ಪಿ ಬೇಸತ್ತ ಮೇಲೆ, ಪೆಟ್ಟಿಗೆಯ ತಳಕ್ಕೆ ಎಸೆದಿದ್ದ ಕರಿಮಣಿ ಸರವನ್ನು ಹುಡುಕಿ ತೆಗೆದು ಕೊರಳಿಗೆ ಹಾಕಿಕೊಂಡು ಅಂಬತ್ತೂರಿಗೆ ಬಂದಳು. ಮನೆಯ ಒಡತಿ ಲಕ್ಷ್ಮೀ ನಮ್ಮವರೇ, ಮನೆಯಲ್ಲಿ ಕನ್ನಡ ಮಾತಾಡುವವರು. ಅವರೂ ಅದನ್ನೇ ಕೇಳಿದರು. "ಬೊಂಬಾಯಲ್ಲಿದಾರೆ" ಎಂದಳು ಜಲಜಾ. ಬೀಸುವ ದೊಣ್ಣೆ ತಪ್ಪಿದರೆ ಸಾಕು ಎನಿಸಿತ್ತು ಅವಳಿಗೆ. ಮಹಡಿಯ ಮನೆ ಸಿಕ್ಕಿತು.

ದೊಣ್ಣೆಯೇನೋ ತಪ್ಪಿತು. ಆದರೆ ಸುಳ್ಳು ಒಂಟಿಯಾಗಿ ಬಾಳುವ ಪ್ರಾಣಿಯಲ್ಲ, ಅದಕ್ಕೆ ಬಂಧು ಬಳಗ ಬೇಕು. ಬೊಂಬಾಯಿಯ ಗಂಡನನ್ನು ನೋಡಲು ಬೇಸಿಗೆ ರಜದಲ್ಲಾದರೂ ಹೋಗಬೇಕಲ್ಲ? ಪ್ರತಿ ವರ್ಷ ತಾಯಿ ಮಗಳು ಸೆಂಟ್ರಲ್‌ನಲ್ಲಿ ಬೊಂಬಾಯಿ ಗಾಡಿಯನ್ನೇ ಹತ್ತುತ್ತಿದ್ದರು, ಮಂತ್ರಾಲಯಂ ರೋಡಿನಲ್ಲಿ ಇಳಿದುಬಿಡುತ್ತಿದ್ದರು. ಮಠದ ಛತ್ರದಲ್ಲಿ ಒಂದು ವಾರ ರಾಯರ ಸೇವೆ. ಹೊರಡುವಾಗ ಲಕ್ಷ್ಮೀ "ನಿಮ್ಮೆಜಮಾನ್ರಿಗೆ" ಎಂದು ಒಂದು ಡಬ್ಬಿ ತುಂಬ ಚಕ್ಕುಲಿ ಕೊಡುತ್ತಿದ್ದರು. ಅದನ್ನು ತುಂಗಭದ್ರೆಯ ಮೆಟ್ಟಿಲ ಮೇಲೆ ಕೂತು ತಾಯಿ ಮಗಳೇ ತಿಂದು ಮುಗಿಸುತ್ತಿದ್ದರು. ಕೊಟ್ಟವರ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದಲ್ಲ, ವಾಪಸು ಬಂದ ದಿನ ಇಲ್ಲೇ ಚೆನ್ನೈನ ಸೌಕಾರ್‌ಪೇಟೆಗೆ ಹೋಗಿ ಬಾಂಬೆ ಹಲ್ವಾ ಕೊಂಡು ಅದರಲ್ಲಿ ತುಂಬಿ ಕೊಡುತ್ತಿದ್ದಳು. ಲಕ್ಷ್ಮೀ ಅದನ್ನು ಬೀದಿಗೆಲ್ಲ ಹಂಚಿ, "ಬೊಂಬಾಯಿ ರುಚಿಯೇ ಬೇರೆ, ಇಲ್ಲಿ ಎಲ್ಲಿ ಸಿಗತ್ತೆ ಇದು!" ಎನ್ನುತ್ತಿದ್ದರು.

ಲಕ್ಷ್ಮೀ ಒಳ್ಳೆಯವರು, ಅದೇ ತೊಂದರೆ. ಸಂಹಿತಾಳಿಗೆ ಸಿಡುಬಿನಂಥ ಗುಳ್ಳೆ ಎದ್ದಾಗ ಬೇವಿನೆಲೆ ಹಿಡಿದು ಪಕ್ಕದಲ್ಲಿ ಕೂತವರು ಅವರು. ಜಲಜಾ ಆಫೀಸಿನಿಂದ ತಡವಾಗಿ ಬಂದ ದಿನಗಳಲ್ಲೆಲ್ಲ ಮಗುವಿಗೆ ಮೊಸರನ್ನ ಕಲಸಿ ಹಾಕಿದವರೂ ಅವರೇ. ವರಮಹಾಲಕ್ಷ್ಮಿಯ ದಿನ ಅವರ ಮನೆಯ ಮೊದಲ ತಾಂಬೂಲ ಜಲಜಾಳಿಗೆ. "ನಮ್ಮ ಮನೆ ಮುತ್ತೈದೆ" ಎಂದು ಗಲ್ಲಕ್ಕೆ ಅರಿಶಿನ ಹಚ್ಚುವಾಗ ಜಲಜಾ ಪ್ರತಿ ವರ್ಷವೂ ನೆಲ ನೋಡುತ್ತಿದ್ದಳು. ನಾಚಿಕೆ ಎಂದುಕೊಳ್ಳುತ್ತಿದ್ದರು ಪಾಪ ಅವರು.

ಸುಳ್ಳಿಗೂ ನಿವೃತ್ತಿಯ ವಯಸ್ಸು ಬರುತ್ತದೆ. ಸಂಹಿತಾ ಮದುವೆಯಾಗಿ ವೇಳಚ್ಚೇರಿ ಸೇರಿದಳು. ಮದುವೆಯ ಹೊತ್ತಿಗೆ ಬೊಂಬಾಯಿಯವರಿಗೆ ಕಾಲು ಮುರಿದಿತ್ತು, ಬರಲಾಗಲಿಲ್ಲ. ಕಳೆದ ವರ್ಷ ಜಲಜಾ ರಿಟೈರಾದಳು. ಲಕ್ಷ್ಮೀ ಸಡಗರದಿಂದ ಕೇಳಿದರು: "ಇನ್ನೇನು, ಅವರೂ ಖಂಡಿತ, ಕಂಡಿಪ್ಪಾ ರಿಟೈರಾಗಿರ್ತಾರೆ. ಅವರು ಬರ್ತಾರೋ, ನೀನೇ ಹೋಗ್ತೀಯೋ?" ಜಲಜಾ ಹಾಲಿನ ಪಾತ್ರೆ ಒಲೆ ಮೇಲಿದೆ ಎಂದು ಮೇಲಕ್ಕೆ ಓಡಿದಳು.

ಆಫೀಸಿಲ್ಲದ ಸಂಜೆಗಳು ಬಲು ಉದ್ದ. ಒಂದು ಭಾನುವಾರ ಮಗಳು ಬಂದಾಗ ಜಲಜಾ ಅವರೆಕಾಳು ಬಿಡಿಸುತ್ತಾ ತಲೆಯೆತ್ತದೆ ಹೇಳಿದಳು: "ಸಂಹಿತಾ, ನಂಗೆ ಯಾರಾದರೂ ಜೊತೆಗೆ ಬೇಕು ಅನ್ಸತ್ತೆ ಕಣೇ. ಬರೀ ಮಾತಿಗಲ್ಲ. ಬೇಕು." ಹೇಳಿದ ಮೇಲೆ ಕಿವಿ ಬಿಸಿಯಾಯಿತು. ಮಗಳು ನಗಲಿಲ್ಲ. ಹಿರಿಯರ ಮದುವೆ ಕೂಡಿಸುವ ಒಂದು ವೆಬ್‌ಸೈಟಿನಲ್ಲಿ ಅಮ್ಮನ ಹೆಸರು ಹಾಕಿದಳು. ಚೆನ್ನೈನದೇ ಇನ್ನೊಂದು ಮೂಲೆಯ ಮಾಧವರದಿಂದ ಸುಶಮೀಂದ್ರ ಎಂಬವರು ಬರೆದರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಹೆಂಡತಿ ತೀರಿಹೋಗಿ ಕೆಲವು ವರ್ಷವಾಗಿತ್ತು. ಜಲಜಾ ಹಿಂದೆಮುಂದೆ ನೋಡಿದಾಗ ಸಂಹಿತಾ ಎಂದಿನಂತೆ ತಮಿಳಿನಲ್ಲೇ ಹೇಳಿದಳು: "ಸುಮ್ಮಾ ಪೋಯಿ ಪಾರುಮಾ. ಒರು ಕಾಫಿ ದಾನೇ?" ಸುಮ್ಮನೆ ಹೋಗಿ ನೋಡಮ್ಮ, ಒಂದು ಕಾಫಿ ತಾನೇ, ಎಂದು.

ಎಗ್ಮೋರ್ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಭೇಟಿ. ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಜಲಜಾ ಹೋಗಿ ಕೂತಳು. ಸುಶಮೀಂದ್ರ ಅವಳ ಮುಖ ನೋಡಿದರು, ಕೊರಳು ನೋಡಿದರು, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು.

"ತಪ್ಪು ತಿಳೀಬೇಡಿ. ನಿಮಗೆ ಡೈವೋರ್ಸ್ ಆಗಿದೆ ತಾನೇ?"

ಜಲಜಾಳ ಕೈ ಕೊರಳಿಗೆ ಹೋಯಿತು. ವಧುಪರೀಕ್ಷೆಗೆ ಕರಿಮಣಿ ಹಾಕಿಕೊಂಡು ಹೋದ ಹೆಂಗಸು ಈ ಮದರಾಸಿನಲ್ಲಿ ಅವಳೊಬ್ಬಳೇ ಇರಬೇಕು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅದು ಬಾಯಿಬಿಡದ್ದರಿಂದ ಅವಳೇ ಬಾಯಿಬಿಟ್ಟಳು. ಬಾಡಿಗೆ ಮನೆ, ಬೊಂಬಾಯಿ, ಮಂತ್ರಾಲಯ, ಹಲ್ವಾ, ಒಂದನ್ನೂ ಬಿಡದೆ ಹೇಳಿದಳು. ಮಗಳನ್ನು ಬಿಟ್ಟರೆ ಅದನ್ನು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು.

ಸುಶಮೀಂದ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹತ್ತಿದ್ದು ಬೊಂಬಾಯಿ ಗಾಡಿಯೇ ಅಲ್ವಾ? ಹಾಗಾದ್ರೆ ಗಾಡಿ ಮಟ್ಟಿಗೆ ನಿಮ್ಮದು ಸುಳ್ಳಲ್ಲ" ಎಂದರು. ಜಲಜಾಳಿಗೂ ನಗು ಬಂತು. ಆಮೇಲೆ ಶನಿವಾರ ಬಂದರೆ ಎಗ್ಮೋರ್. ಮ್ಯೂಸಿಯಮ್ಮಿನ ಮರದ ಕೆಳಗೆ ಕೂತು ಏನೇನೋ ಮಾತು. ಅವರು ಜಾಸ್ತಿ ಕೇಳುವವರು, ಜಲಜಾಳಿಗೆ ಹೇಳಲು ಬೇಕಾದಷ್ಟಿತ್ತು. ಈ ಮನುಷ್ಯ ತನಗೆ ಬೇಕು ಎಂಬುದು ಅವಳಿಗೆ ಬೇಗ ತಿಳಿಯಿತು.

ಮದುವೆಯ ಮಾತನ್ನು ಅವರೇ ಎತ್ತಿದರು. ಆಗ ಜಲಜಾ ಬಹಳ ದಿನದಿಂದ ತಲೆಯಲ್ಲಿಟ್ಟುಕೊಂಡಿದ್ದ ಉಪಾಯ ಹೇಳಿದಳು. ರಿಜಿಸ್ಟರ್ ಆಫೀಸಿನಲ್ಲಿ ಸದ್ದಿಲ್ಲದೆ ಮದುವೆ. ಆಮೇಲೆ ಅವರು ಒಂದು ಸೂಟ್‌ಕೇಸ್ ಹಿಡಿದು ಅಂಬತ್ತೂರಿಗೆ ಬಂದರಾಯಿತು. ಬೊಂಬಾಯಿಯವರು ರಿಟೈರಾಗಿ ಬಂದರು ಎಂದು ಬೀದಿಯೆಲ್ಲ ಸಂತೋಷಪಡುತ್ತದೆ. ಪಂಢರಿನಾಥನ ಮುಖ ಅಲ್ಲಿ ಯಾರು ನೋಡಿದ್ದಾರೆ?

ಈ ಸಲ ಸುಶಮೀಂದ್ರ ನಗಲಿಲ್ಲ.

"ಅಂದ್ರೆ ಅವರು ನನ್ನನ್ನ ಪಂಢರಿನಾಥ ಅಂತ ಕರೀತಾರೆ. ನಾನು ತಿರುಗಿ ನೋಡ್ಬೇಕು."

"ಮೊದಮೊದಲು ಕಷ್ಟ ಆಗತ್ತೆ. ಆಮೇಲೆ ರೂಢಿ ಆಗತ್ತೆ" ಎಂದಳು ಜಲಜಾ. ಅವಳಿಗೆ ಆಗಿತ್ತಲ್ಲ.

"ನೋಡಿ ಜಲಜಾ ಅವ್ರೇ, ಸರ್ವಿಸೆಲ್ಲ ಗಾಡಿಯ ಕೊನೇ ಡಬ್ಬದಲ್ಲಿ ಕೂತವನು ನಾನು. ಹಿಂದೆ ಕೂತೆ ಅಂತ ಬೇಜಾರಿಲ್ಲ. ಆದ್ರೆ ನನ್ನ ಹೆಸರಲ್ಲೇ ಕೂತಿದ್ದೆ. ಇಲ್ಲೇ ಹೀಗೇ ಕಾಫಿ ಕುಡೀತಾ ಇರೋಣ ಅಂದ್ರೂ ನನ್ನ ತಕರಾರಿಲ್ಲ. ನಿಮ್ಮನೆಗೆ ಬರೋದಾದ್ರೆ ಸುಶಮೀಂದ್ರನಾಗೇ ಬರೋದು."

ಜಲಜಾಳಿಗೆ ಕೋಪ ಬಂತು. ಮನೆ ಕೇಳಿಕೊಂಡು ಬಾಗಿಲು ಬಾಗಿಲು ಅಲೆದವರು ಇವರಲ್ಲವಲ್ಲ, ನಿಜ ಹೇಳಿ ಎನ್ನುವುದು ಸುಲಭ. ಎರಡು ಶನಿವಾರ ಹೋಗಲಿಲ್ಲ, ಫೋನೂ ತೆಗೆಯಲಿಲ್ಲ. ಮೂರನೆಯ ಶನಿವಾರ ಬರುವ ಮುಂಚೆ ಕೋಪ ಕರಗಿ ಭಯ ಮಾತ್ರ ಉಳಿಯಿತು. ಹೇಳದಿದ್ದರೆ ಈ ಮನುಷ್ಯ ಇಲ್ಲ, ಹೇಳಿದರೆ ಲಕ್ಷ್ಮಕ್ಕ ಇಲ್ಲ. ತೂಗಿ ನೋಡಿದಳು. ಎರಡೂ ಭಾರವಾಗಿದ್ದವು. ಅಷ್ಟರಲ್ಲಿ ಶ್ರಾವಣ ಬಂತು. ಇನ್ನೊಂದು ಸಲ ಮುತ್ತೈದೆ ಎಂದು ಆ ಅರಿಶಿನ ಹಚ್ಚಿಸಿಕೊಳ್ಳುವುದು ತನ್ನಿಂದಾಗದು ಎಂಬುದು ಮಾತ್ರ ಖಚಿತವಾಯಿತು.

ವರಮಹಾಲಕ್ಷ್ಮಿಯ ಶುಕ್ರವಾರ, ಬೇರೆ ಹೆಂಗಸರು ಬರುವ ಮುಂಚೆ, ಕರಿಮಣಿ ಕಳಚಿಟ್ಟು ಬೋಳು ಕೊರಳಲ್ಲಿ ಕೆಳಗಿಳಿದಳು. ಲಕ್ಷ್ಮೀ ಕಳಶಕ್ಕೆ ಹೂವೇರಿಸುತ್ತಿದ್ದವರು ತಿರುಗಿ ನೋಡಿ, ಕೈಯಲ್ಲಿದ್ದ ಹೂ ಕೆಳಗೆ ಬಿಟ್ಟರು.

"ಅಯ್ಯೋ, ಅವರಿಗೇನಾಯ್ತೇ?"

"ಏನೂ ಆಗಿಲ್ಲ ಲಕ್ಷ್ಮಕ್ಕ, ಗಟ್ಟಿಯಾಗಿದಾರೆ. ತಿರುವಲ್ಲಿಕೇಣೀಲಿ ಬೇರೆ ಹೆಂಡತಿ ಜೊತೆ ಇದಾರೆ. ಈ ಮನೆಗೆ ಬರೋ ಮುಂಚೇನೇ ನಮಗೆ ಡೈವೋರ್ಸ್ ಆಗಿತ್ತು. ಬೊಂಬಾಯಿ ಅಂತ ನಿಮಗೆ ಸುಳ್ಳು ಹೇಳ್ದೆ." ಅಲ್ಲಿಗೇ ನಿಲ್ಲಿಸದೆ ಒಂದೇ ಉಸಿರಿಗೆ ಮಾಧವರದವರ ವಿಷಯವನ್ನೂ ಹೇಳಿಬಿಟ್ಟಳು.

ಲಕ್ಷ್ಮೀ ಕೆಳಗೆ ಬಿದ್ದ ಹೂಗಳನ್ನು ಒಂದೊಂದಾಗಿ ಆರಿಸಿ ಬದಿಗಿಟ್ಟರು. ಕೊನೆಗೆ ಕೇಳಿದ್ದು ಒಂದೇ: "ಆ ಹಲ್ವಾ?"

"ಸೌಕಾರ್‌ಪೇಟೆದು."

ಲಕ್ಷ್ಮೀ ಎದ್ದು ಒಳಗೆ ಹೋದರು. ಆ ದಿನದ ಮೊದಲ ತಾಂಬೂಲ ಎದುರು ಮನೆಯವರಿಗೆ ಹೋಯಿತು. ಜಲಜಾಳನ್ನು ಯಾರೂ ಕರೆಯಲಿಲ್ಲ. ಮೇಲೆ ಬಂದು, ಗೋಡೆಗೆ ಒರಗಿ ಕೂತು ಅತ್ತಳು. ಕೋರ್ಟಿನಲ್ಲಿ ಸಹಿ ಹಾಕಿದ ದಿನವೂ ಅವಳು ಅಷ್ಟು ಅತ್ತಿರಲಿಲ್ಲ.

ಆಮೇಲೆ ಮಾತಿಲ್ಲ. ನೀರಿನ ಮೋಟಾರು ಹಾಕುವಾಗ "ಜಲಜಾ, ನೀರ್ ಹಿಡ್ಕೋ" ಎಂಬ ಕೂಗಿಲ್ಲ. ಮನೆ ಖಾಲಿ ಮಾಡು ಎನ್ನುವುದೊಂದು ಬಾಕಿ ಎಂದುಕೊಂಡು ಜಲಜಾ ಅಟ್ಟದ ಮೇಲಿನ ಪಾತ್ರೆಗಳನ್ನು ಇಳಿಸತೊಡಗಿದಳು. ಅಂಥ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಮಂಡಿ ನೋವಿನ ಲಕ್ಷ್ಮೀ ಮಹಡಿ ಹತ್ತದೆ ಎಷ್ಟೋ ವರ್ಷವಾಗಿತ್ತು. ಏದುಸಿರು ಬಿಡುತ್ತಾ ಬಂದು ಬಾಗಿಲಲ್ಲೇ ಕೂತರು.

"ಬೀದಿಗೆಲ್ಲ ಹಂಚಿದೀನಲ್ಲೇ ಆ ಹಲ್ವಾನ! ಬೊಂಬಾಯಿದು, ಬೊಂಬಾಯಿದು ಅಂತ! ಮಾನ ಕಳೆದೆ ನಂದು."

ಜಲಜಾ ತಲೆ ತಗ್ಗಿಸಿ ನಿಂತಳು.

"ಸುಮ್ನೆ ಕೂತು ಯೋಚನೆ ಮಾಡ್ದೆ. ಆವತ್ತು ನೀನು ನಿಜ ಹೇಳಿದ್ರೆ ನಾನು ಮನೆ ಕೊಡ್ತಿದ್ನಾ ಅಂತ." ಲಕ್ಷ್ಮೀ ಸೆರಗಿನಿಂದ ಮುಖ ಒರೆಸಿಕೊಂಡರು. "ಕೊಡ್ತಿರಲಿಲ್ಲ ಕಣೇ. ಸತ್ಯವಾಗ್ಲೂ ಕೊಡ್ತಿರಲಿಲ್ಲ."

ಕೆಳಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ.

"ಏನು ಅವರ ಹೆಸರು?"

"ಸುಶಮೀಂದ್ರ."

"ರಾಯರ ಪರಂಪರೆ ಹೆಸರು. ಸರಿ." ಲಕ್ಷ್ಮೀ ಸೆರಗಿನ ಮರೆಯಿಂದ ಒಂದು ಡಬ್ಬಿ ಹೊರತೆಗೆದರು. ಅದೇ ಹಳೆಯ, ಮುಚ್ಚಳ ಸೊಟ್ಟಗಾದ ಡಬ್ಬಿ. ಇನ್ನೂ ಬಿಸಿಯಾಗಿತ್ತು.

"ತಗೋ. ಇದು ಬೊಂಬಾಯಿಗಲ್ಲ, ಮಾಧವರಕ್ಕೆ. ನೀನೂ ನಿನ್ನ ಮಗಳೂ ತಿಂದು ಮುಗಿಸಬೇಡಿ ಈ ಸಲ. ಡಬ್ಬಿ ವಾಪಸ್ ಕೊಡೋಕೆ ಅವರೇ ಬರ್ಬೇಕು, ಹೇಳು." ಎದ್ದು ಮೆಟ್ಟಿಲಿಳಿಯುತ್ತಾ ಅರ್ಧದಲ್ಲಿ ನಿಂತು, ತಿರುಗಿ ನೋಡದೆ ಕೂಗಿದರು: "ಖಾಲಿ ಡಬ್ಬಿ ತರಬಾರ್ದು. ಆದ್ರೆ ಹಲ್ವಾ ಬೇಡ!"